ಅಂಬಾಸಿಡರ್‌ಗೆ ಬಲಗಡೆಯ ದೀಪ

(ಬೆಂಗಳೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಸಭಿಕರ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಅಷ್ಟು ಚೆಂದದ ಕಾರುಗಳು ನಿಂತಿರುವಾಗ ಒಳಗೆ ಬಂದು ವೈರು, ಬಲ್ಬಿನ ಕತೆ ಕೇಳಲು ಕೂತಿದ್ದೀರಿ. ಅದಕ್ಕೇ ಮೊದಲು ಥ್ಯಾಂಕ್ಸ್ ಹೇಳಬೇಕು.

ಈಚೆಗೆ ನನ್ನ ಹತ್ತಿರ ಒಂದು ಥರದ ಗಿರಾಕಿಗಳು ಜಾಸ್ತಿಯಾಗಿದ್ದಾರೆ. ಮಗನೋ ಮಗಳೋ ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ ನೆಲೆ ನಿಂತಿರುತ್ತಾರೆ. ಅಪ್ಪನ ಅಂಬಾಸಿಡರ್ ಮೇಲೆ ಪ್ರೀತಿ. ಅದನ್ನು ಅಲ್ಲಿಗೇ ಕರೆಸಿಕೊಳ್ಳಬೇಕು ಅಂತ ಆಸೆ. ಹಡಗಿನ ಬಾಡಿಗೆ, ಕಸ್ಟಮ್ಸ್, ಇನ್ಶೂರೆನ್ಸ್ ಎಲ್ಲ ವಿಚಾರಿಸಿರುತ್ತಾರೆ. ಎಂಜಿನ್ ಬಿಚ್ಚಿ ಕಟ್ಟಿಸಿರುತ್ತಾರೆ. ಪೇಂಟು ಕನ್ನಡಿ ಥರ ಹೊಳೆಯುತ್ತಿರುತ್ತದೆ. ಕೊನೆಗೆ ಹೊರಡುವ ಹೊತ್ತಿಗೆ ಕೇಳುತ್ತಾರೆ, "ಲೈಟು ಹೆಂಗೂ ಉರೀತಿದೆ, ಅದಕ್ಕೇನೂ ಮಾಡೋದು ಬೇಡ ಅಲ್ವಾ?"

ಬೇಕು. ಅಲ್ಲಿನ ತಪಾಸಣೆಯಲ್ಲಿ ಬ್ರೇಕಿನಷ್ಟೇ ಗಂಭೀರವಾಗಿ ನೋಡುವುದು ದೀಪವನ್ನು. ಉರಿಯುತ್ತದೋ ಇಲ್ಲವೋ ಅನ್ನುವುದು ಅವರಿಗೆ ಬರೀ ಮೊದಲ ಪ್ರಶ್ನೆ. ಉರಿದ ಬೆಳಕು ಎಲ್ಲಿಗೆ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿಗೆ ಹೋಗುವುದಿಲ್ಲ, ಇದನ್ನೇ ಅವರು ಯಂತ್ರ ಇಟ್ಟು ಅಳೆಯುವುದು. ನಮ್ಮಲ್ಲಿ ಒಳ್ಳೆ ಹೆಡ್‌ಲೈಟ್ ಅಂದರೆ ಜಾಸ್ತಿ ಬೆಳಕು ಕೊಡುವುದು. ಅವರ ಕಾನೂನಿನಲ್ಲಿ ಒಳ್ಳೆ ಹೆಡ್‌ಲೈಟ್ ಅಂದರೆ ಎದುರಿನವನ ಕಣ್ಣು ಬಿಟ್ಟು ಉಳಿದ ಕಡೆ ಬೆಳಕು ಕೊಡುವುದು. ಇದೊಂದು ತಲೆಗೆ ಹೋದರೆ ಉಳಿದ ಕೆಲಸ ಸುಲಭ.

ಸ್ವಲ್ಪ ಹಿಂದಿನ ಕತೆ ಹೇಳುತ್ತೇನೆ. ಪ್ರಪಂಚದಲ್ಲಿ ಕಾರಿನ ದೀಪದ ವಿಷಯಕ್ಕೆ ಎರಡು ದೊಡ್ಡ ಮನೆತನ. ಒಂದು ಅಮೆರಿಕದ್ದು. 1940ರ ಮಾಡೆಲ್‌ಗಳಿಂದ ಅಲ್ಲಿ ಎಲ್ಲ ಕಾರಿಗೂ 7 ಇಂಚಿನ ಗುಂಡನೆಯ ಸೀಲ್ಡ್ ಬೀಮ್ ಬಂತು. ಗಾಜು, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಒಂದೇ ಗಟ್ಟಿ ಗುಂಡು. ಸುಟ್ಟರೆ ಇಡೀ ದೀಪವನ್ನೇ ಎಸೆದು ಹೊಸದು ಹಾಕು. ಯಾವ ಹಳ್ಳಿಯ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತಿತ್ತು. 1958ರ ಹೊತ್ತಿಗೆ ಚಿಕ್ಕ ಗಾತ್ರದ ನಾಲ್ಕು ದೀಪಗಳಿಗೂ ಒಪ್ಪಿಗೆ ಸಿಕ್ಕಿತು. ಆಮೇಲೂ ಬಹಳ ಕಾಲ ಸೀಲ್ಡ್ ಬೀಮ್ ಬಿಟ್ಟು ಬೇರೆ ಹಾಕುವ ಹಾಗಿರಲಿಲ್ಲ. ಬಲ್ಬ್ ಬದಲಿಸುವಂಥ ಹೆಡ್‌ಲೈಟಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1983ರಲ್ಲಿ.

ಇನ್ನೊಂದು ಯೂರೋಪಿನದ್ದು. ಅಲ್ಲಿ 1958ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದ ಆಯಿತು. ಒಂದು ದೇಶ ಪರೀಕ್ಷೆ ಮಾಡಿ ಪಾಸು ಮಾಡಿದ ದೀಪವನ್ನು ಉಳಿದ ದೇಶಗಳೂ ಒಪ್ಪಬೇಕು. ಅದರ ಗುರುತೇ ಗಾಜಿನ ಮೇಲೆ ವೃತ್ತದೊಳಗೆ ಇರುವ 'ಇ' ಅಕ್ಷರ ಮತ್ತು ಒಂದು ಅಂಕಿ. ಇ1 ಜರ್ಮನಿ, ಇ2 ಫ್ರಾನ್ಸ್, ಇ3 ಇಟಲಿ, ಇ4 ನೆದರ್ಲೆಂಡ್ಸ್, ಇ11 ಬ್ರಿಟನ್. ಭಾರತ ಈ 1958ರ ಒಪ್ಪಂದದಲ್ಲಿ ಇಲ್ಲ. ಹಾಗಾಗಿ ನಮಗೆ ಅಂತ ಒಂದು 'ಇ' ನಂಬರೂ ಇಲ್ಲ. ನಮ್ಮಲ್ಲಿ ತಯಾರಾಗುವ ದೀಪಗಳ ಮೇಲೂ ಈ ಗುರುತು ಕಾಣುತ್ತದಲ್ಲ ಅಂದರೆ, ಅದು ಹೊರಗಿನ ಯಾವುದೋ ದೇಶ ಪಾಸು ಮಾಡಿ ಕೊಟ್ಟಿದ್ದು.

ಎರಡೂ ಮನೆತನದ ಜಗಳದಲ್ಲಿ ಚೆಂದದ ಕಾರುಗಳು ಕೆಟ್ಟ ಮುಖ ಹೊತ್ತು ತಿರುಗಿದವು. ಜಾಗ್ವಾರ್ ಇ-ಟೈಪ್ ನೋಡಿದ್ದೀರಲ್ಲ? ಮೊದಲಿನವುಗಳಲ್ಲಿ ಹೆಡ್‌ಲೈಟ್ ಮೇಲೆ ಬಾಗಿದ ಗಾಜಿನ ಮುಚ್ಚಳ ಇತ್ತು. ಅಮೆರಿಕದ 1968ರ ನಿಯಮ ಆ ಮುಚ್ಚಳವನ್ನು ಬೇಡ ಅಂದಿತು. ಗಾಜು ಹೋಯಿತು. ಸಿಟ್ರೊಯೆನ್ ಡಿಎಸ್‌ನಲ್ಲಿ ಸ್ಟೀರಿಂಗ್ ತಿರುಗಿಸಿದ ಕಡೆ ತಿರುಗುವ ದೀಪ ಇತ್ತು, ಎಂಥ ಬುದ್ಧಿವಂತಿಕೆ! ಅಮೆರಿಕಕ್ಕೆ ಹೋದ ಡಿಎಸ್‌ಗಳಿಗೆ ಆ ದೀಪದ ಭಾಗ್ಯ ಇರಲಿಲ್ಲ. ಫ್ರಾನ್ಸಿನವರದ್ದು ಇನ್ನೊಂದೇ ಹಟ. 1930ರ ದಶಕದ ಕೊನೆಯಿಂದ 1993ರವರೆಗೆ ಅವರ ಕಾರಿಗೆಲ್ಲ ಹಳದಿ ಹೆಡ್‌ಲೈಟೇ ಆಗಬೇಕಿತ್ತು.

ಈಗ ನಮ್ಮ ಅಂಬಾಸಿಡರ್‌ಗೆ ಬರೋಣ. ಉದಾಹರಣೆಗೆ 60ರ ದಶಕದ ಒಂದು ಮಾರ್ಕ್ 2 ಇಟ್ಟುಕೊಳ್ಳೋಣ, ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ. ಸುಮ್ನೆ ಆರಿಸಿಕೊಂಡ ಊರಲ್ಲ. ಬೆಂಗಳೂರಿನ ಆಡುಗೋಡಿಯ ನಮ್ಮ ಮೈಕೋ ಕಂಪನಿ ಇದೆಯಲ್ಲ, ಅದರ ಮೂಲಮನೆ ಬಾಷ್ ಹುಟ್ಟಿದ್ದು ಅಲ್ಲೇ. ಕಾರಿಗೆ ಡೈನಮೋ ಸಮೇತ ವಿದ್ಯುತ್ ದೀಪದ ಸೆಟ್ಟನ್ನು ಬಾಷ್ 1913ರಲ್ಲೇ ಮಾರಾಟಕ್ಕೆ ತಂದಿತ್ತು. ದೀಪದ ವಿಷಯದಲ್ಲಿ ಆ ಊರಿನವರಿಗೆ ಪಾಠ ಹೇಳಲು ಹೋಗುವ ಹಾಗಿಲ್ಲ.

ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ. ದೀಪ 7 ಇಂಚಿನದ್ದು. ಇದು ನಮ್ಮ ಪುಣ್ಯ. ಮಾರಿಸ್ ಮೈನರ್, ಮಿನಿ, ಲ್ಯಾಂಡ್ ರೋವರ್, ಹಳೆಯ ಜೀಪು ಎಲ್ಲದಕ್ಕೂ ಇದೇ ಅಳತೆ. ಯೂರೋಪಿನ ಗುರುತಿರುವ 7 ಇಂಚಿನ ದೀಪ ಇವತ್ತಿಗೂ ಧಾರಾಳವಾಗಿ ಸಿಗುತ್ತದೆ. ಹೊರಗಿನ ಕ್ರೋಮ್ ರಿಮ್ ತೆಗೆದರೆ ಒಳಗೆ ಇನ್ನೊಂದು ತೆಳು ಉಂಗುರ, ಅದಕ್ಕೆ ಮೂರು ಪುಟ್ಟ ಸ್ಕ್ರೂ. ಅವನ್ನು ಬಿಚ್ಚಿದರೆ ದೀಪ ಕೈಗೆ ಬರುತ್ತದೆ. ಪಕ್ಕದಲ್ಲೇ ಸ್ಪ್ರಿಂಗ್ ಇರುವ ಬೇರೆ ಸ್ಕ್ರೂಗಳು ಕಾಣುತ್ತವೆ. ಒಂದು ಮೇಲೆ ಕೆಳಗೆ ಮಾಡಲು, ಇನ್ನೊಂದು ಎಡಕ್ಕೆ ಬಲಕ್ಕೆ ತಿರುಗಿಸಲು. ದಯವಿಟ್ಟು ಅವನ್ನು ಈಗಲೇ ಮುಟ್ಟಬೇಡಿ. ಬಹಳ ಜನ ದೀಪ ಬಿಚ್ಚುವ ಸ್ಕ್ರೂ ಅಂದುಕೊಂಡು ಇವನ್ನೇ ತಿರುಗಿಸಿ ಕೂರುತ್ತಾರೆ.

ದೀಪವನ್ನು ಕೈಗೆ ತೆಗೆದುಕೊಂಡಿರಿ. ಗಾಜನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ನಡುವಿನಲ್ಲೋ ಕೆಳಗಡೆಯೋ ಉಬ್ಬಚ್ಚು ಕಾಣುತ್ತದೆ. 'ಎಚ್‌ಸಿಆರ್' ಅಂತ ಇದ್ದರೆ ಹ್ಯಾಲೋಜೆನ್ ದೀಪ, ಡಿಮ್ಮೂ ಇದೆ ಹೈ ಬೀಮೂ ಇದೆ ಅಂತ. ಪಕ್ಕದಲ್ಲಿ ವೃತ್ತದೊಳಗಿನ 'ಇ'. ಅಷ್ಟಕ್ಕೇ ಖುಷಿಪಟ್ಟು ಬಿಡಬೇಡಿ. ಒಂದು ಬಾಣ ಇದೆಯಾ ನೋಡಿ. ದೀಪದ ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ಎಡಗಡೆ ಗಾಡಿ ಓಡಿಸುವ ದೇಶದ ದೀಪ: ಭಾರತ, ಬ್ರಿಟನ್, ಜಪಾನ್. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವ ದೇಶದ್ದು. ಎರಡೂ ತುದಿಗೆ ಮೊನೆ ಇದ್ದರೆ ಎರಡು ಕಡೆಗೂ ನಡೆಯುವಂಥದ್ದು.

ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ 'ಇ' ಗುರುತಿನ ದೀಪ ಕೇಳಿದರೆ ಕೊಡುತ್ತಾರೆ. ಒಳ್ಳೆಯದೇ ಕೊಡುತ್ತಾರೆ. ಆದರೆ ಅದು ನಮ್ಮ ರಸ್ತೆಯ ದೀಪ, ಬಾಣ ಇರುವಂಥದ್ದು. ಅದನ್ನೇ ಹಾಕಿಕೊಂಡು ಜರ್ಮನಿಯಲ್ಲಿ ಇಳಿದರೆ ಏನಾಗುತ್ತದೆ?

ಗೋಡೆ ಮುಂದೆ ಕಾರು ನಿಲ್ಲಿಸಿ ಡಿಮ್ ಹಾಕಿದರೆ ಅರ್ಥವಾಗುತ್ತದೆ. ಗೋಡೆಯ ಮೇಲೆ ಒಂದು ಗೆರೆ ಮೂಡುತ್ತದೆ. ಕೆಳಗೆ ಬೆಳಕು, ಮೇಲೆ ಕತ್ತಲು. ಗೆರೆ ಅರ್ಧದವರೆಗೆ ಮಟ್ಟವಾಗಿ ಹೋಗಿ ಅಲ್ಲಿಂದ ಒಂದು ಬದಿಗೆ ಸುಮಾರು 15 ಡಿಗ್ರಿ ಮೇಲಕ್ಕೆ ಏರುತ್ತದೆ. ಏರುವ ಬದಿ ಯಾವಾಗಲೂ ಫುಟ್‌ಪಾತಿನ ಕಡೆಯದ್ದು. ನಡೆದು ಹೋಗುವವರು, ಬೋರ್ಡು, ಸೈಕಲ್ಲು ಕಾಣಲಿ ಅಂತ. ಮಟ್ಟವಾಗಿರುವ ಬದಿ ಎದುರಿನಿಂದ ಬರುವವನ ಕಡೆಯದ್ದು. ನಮ್ಮ ದೀಪದಲ್ಲಿ ಗೆರೆ ಎಡಕ್ಕೆ ಏರುತ್ತದೆ. ಜರ್ಮನಿಯಲ್ಲಿ ಎಡಗಡೆ ಇರುವುದು ಎದುರಿನ ಗಾಡಿ. ಅಂದರೆ ಡಿಮ್ ಹಾಕಿಕೊಂಡೇ ಅವನ ಕಣ್ಣಿಗೆ ಹೊಡೆದ ಹಾಗೆ. ದೀಪವನ್ನು ಕೆಳಕ್ಕೆ ಬಗ್ಗಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಗಾಜೇ ಬೇರೆ ಬೇಕು.

ಇಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: "ನಮ್ಮ ಕಾಲದಲ್ಲಿ ಪೊಲೀಸರು ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳೀತಿದ್ರು. ಹಾಗೆ ಮಾಡಿದ್ರೆ ಆಗಲ್ವಾ?"

ಒಳ್ಳೆ ಪ್ರಶ್ನೆ. ಇಲ್ಲಿರುವ ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ನಮ್ಮ ಲಾರಿ, ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೋ ನಟ್ಟನಡುವಿಗೋ ಕಪ್ಪು ಬಣ್ಣ ಇರುತ್ತಿತ್ತು. ಮೇಲಿನ ಅರ್ಧ ಮುಚ್ಚಿದರೆ ಮೇಲಕ್ಕೆ ಹೋಗುವ ಬೆಳಕು ನಿಲ್ಲುತ್ತದೆ ಅನ್ನುವ ಲೆಕ್ಕ. ಕೇಳಲು ಸರಿಯಾಗೇ ಇದೆ. ಆದರೆ ದೀಪದೊಳಗೆ ನಡೆಯುವುದು ಬೇರೆ. ಈ ಹ್ಯಾಲೋಜೆನ್ ದೀಪಕ್ಕೆ ಹಾಕುವ ಎಚ್4 ಅನ್ನುವ ಬಲ್ಬ್ ಬಿಚ್ಚಿ ನೋಡಿ, ಎರಡು ಫಿಲಮೆಂಟ್ ಇವೆ. ಮುಂದಿನದು ಡಿಮ್‌ನದ್ದು. ಅದರ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಕೆಳಕ್ಕೆ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುತ್ತದೆ. ಬೆಳಕು ಮೇಲಿನ ಅರ್ಧ ರಿಫ್ಲೆಕ್ಟರಿಗೆ ಮಾತ್ರ ಬಡಿದು, ಅಲ್ಲಿಂದ ತಿರುಗಿ, ಕೆಳಕ್ಕೆ ರಸ್ತೆಗೆ ಇಳಿಯುತ್ತದೆ. ಗೋಡೆಯ ಮೇಲಿನ ಆ ಚೂಪಾದ ಗೆರೆ ಹುಟ್ಟುವುದೂ ಆ ಬಟ್ಟಲಿನ ಅಂಚಿನಿಂದಲೇ. ಈಗ ಇಂಥ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿದರೆ? ಡಿಮ್ಮೇ ಹೋಯಿತು. ಹೈ ಬೀಮ್ ಮಾತ್ರ ಅರ್ಧ ಉಳಿಯಿತು. ಮಾಡಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಹಾಗಾದರೆ ಯೂರೋಪಿನಲ್ಲಿ ಇಂಗ್ಲೆಂಡಿನವರು ಫ್ರಾನ್ಸಿಗೆ ಹೋಗುವಾಗ ಗಾಜಿಗೆ ಕಪ್ಪು ಸ್ಟಿಕ್ಕರ್ ಅಂಟಿಸುತ್ತಾರಲ್ಲ ಅಂದರೆ, ಅಂಟಿಸುತ್ತಾರೆ, ನಿಜ. ಅದು ಗೆರೆಯನ್ನು ಮೇಲಕ್ಕೆ ಏರಿಸುವ ಗಾಜಿನ ಚೂರನ್ನಷ್ಟೇ ಮುಚ್ಚುವುದು. ರಜೆಗೆ ಹೋಗಿ ಬರುವವರಿಗೆ ಸಾಕು. ನಿಮ್ಮ ಕಾರೂ ರ್‍ಯಾಲಿಗೆ ಹೋಗಿ ತಿರುಗಿ ಬರುವುದಾದರೆ ಈ ದಾರಿ ನೋಡಬಹುದು. ಅಲ್ಲೇ ರಿಜಿಸ್ಟ್ರೇಷನ್ ಮಾಡಿಸುವುದಾದರೆ ಸ್ಟಿಕ್ಕರ್ ತೋರಿಸಿ ಪಾಸ್ ಆಗಲು ಸಾಧ್ಯವಿಲ್ಲ.

ಬಲ್ಬಿನ ಬಗ್ಗೆ ಎರಡು ಮಾತು. ಎಚ್4 ಅಂದರೆ 12 ವೋಲ್ಟ್, 60/55 ವಾಟ್. ನಮ್ಮ ಅಂಗಡಿಗಳಲ್ಲಿ 100/90 ಸಿಗುತ್ತದೆ, ರಾತ್ರಿ ಹೈವೇನಲ್ಲಿ ಓಡಿಸುವವರು ಹಾಕಿಸುತ್ತಾರೆ. ಯೂರೋಪಿನ ರಸ್ತೆಯಲ್ಲಿ ಅದು ಕಾನೂನಿಗೆ ಹೊರಗೆ. ಇನ್ನು ನಮ್ಮ ಹಳೆಯ ದೀಪಗಳ ಬಲ್ಬು 45/40 ವಾಟಿನ ಸಾದಾ ಬಲ್ಬು, ಅದರ ಬುಡದ ಅಳತೆಯೇ ಬೇರೆ. ಆ ಬುಡಕ್ಕೆ ಹೊಂದುವ ಹಾಗೆ ಹ್ಯಾಲೋಜೆನ್ ಬಲ್ಬೂ ಮಾರುತ್ತಾರೆ. ತೂರಿಸಿದರೆ ಕೂರುತ್ತದೆ, ಬೆಳಕೂ ಜಾಸ್ತಿ. ಆದರೆ 'ಇ' ಗುರುತು ಕೊಟ್ಟಿರುವುದು ದೀಪ ಮತ್ತು ಬಲ್ಬಿನ ಜೋಡಿಗೆ. ಜೋಡಿ ಮುರಿದರೆ ಗುರುತಿಗೆ ಬೆಲೆ ಇಲ್ಲ.

"ಸರ್, ಎಲ್‌ಇಡಿ?" ಅಂತ ಹಿಂದಿನ ಸಾಲಿನಿಂದ ಕೂಗು ಬಂತು. ಬರುತ್ತದೆ ಅಂತ ಗೊತ್ತಿತ್ತು.

ಹಾಕಬೇಡಿ ಅನ್ನುವುದೇ ನನ್ನ ಉತ್ತರ. ಕಾರಣ ಎರಡು. ಒಂದು, ಫಿಲಮೆಂಟ್ ಇರುವ ಜಾಗದಲ್ಲಿ ಎಲ್‌ಇಡಿ ಚಿಪ್ ಕೂರಿಸಿದರೆ ರಿಫ್ಲೆಕ್ಟರಿನ ಲೆಕ್ಕ ತಪ್ಪುತ್ತದೆ, ಗೋಡೆಯ ಮೇಲಿನ ಗೆರೆ ಕಲಸಿಹೋಗುತ್ತದೆ. ಎರಡು, ಜರ್ಮನಿಯಲ್ಲಿ 30 ವರ್ಷ ಮೀರಿದ, ಮೂಲ ರೂಪದಲ್ಲಿ ಚೆನ್ನಾಗಿ ಉಳಿದ ಕಾರಿಗೆ 'ಎಚ್' ಅಕ್ಷರದ ನಂಬರ್ ಪ್ಲೇಟು ಕೊಡುತ್ತಾರೆ. 1997ರಿಂದ ಇದೆ. ಆ ಗೌರವ ಬೇಕಿದ್ದರೆ ಕಾರು ತನ್ನ ಕಾಲದ ಹಾಗೇ ಕಾಣಬೇಕು. ಅದಕ್ಕೆ ನೀಲಿ ಬಿಳುಪಿನ ಎಲ್‌ಇಡಿ ಕಣ್ಣು ಹೊಂದುವುದಿಲ್ಲ.

ಎಲ್‌ಇಡಿ ಕೇಳುವವರ ನಿಜವಾದ ತೊಂದರೆ ಬೇರೆ ಇರುತ್ತದೆ. "ನನ್ನ ಕಾರಿನ ಲೈಟು ಮಂಕು" ಅನ್ನುತ್ತಾರೆ. ಬಾನೆಟ್ ಎತ್ತಿದರೆ ಅರ್ಧ ಶತಮಾನದ ವೈರು, ಬಟ್ಟೆ ಸುತ್ತಿದ್ದು ಪುಡಿಪುಡಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಲೆಕ್ಕ ನೋಡಿ. ಎರಡು 60 ವಾಟಿನ ಹೈ ಬೀಮ್ ಅಂದರೆ 120 ವಾಟ್, 12 ವೋಲ್ಟಿಗೆ 10 ಆಂಪಿಯರ್. ಹಳೆಯ ವೈರಿಂಗಿನಲ್ಲಿ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಕಾಲಡಿಯ ಡಿಪ್ಪರ್ ಸ್ವಿಚ್ಚಿಗೆ ಇಳಿದು, ತುಕ್ಕು ಹಿಡಿದ ಜಾಯಿಂಟುಗಳನ್ನು ದಾಟಿ ದೀಪಕ್ಕೆ ಬರುತ್ತದೆ. ದಾರಿಯಲ್ಲಿ ಬರೀ ಹತ್ತರಲ್ಲಿ ಒಂದು ಭಾಗ ವೋಲ್ಟೇಜ್ ಸೋರಿದರೂ ಬೆಳಕು ನೂರಕ್ಕೆ 30ರಷ್ಟು ಕಡಿಮೆಯಾಗುತ್ತದೆ. ವೋಲ್ಟೇಜ್ ಇಳಿದಷ್ಟೇ ಬೆಳಕು ಇಳಿಯುವುದಲ್ಲ, ಅದರ ಮೂರು ಪಟ್ಟು ಇಳಿಯುತ್ತದೆ.

ಮದ್ದು ಸುಲಭ. ಡಿಮ್‌ಗೆ ಒಂದು, ಹೈ ಬೀಮ್‌ಗೆ ಒಂದು ರಿಲೇ, ಅಂದರೆ ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ನೇರ ರಿಲೇಗೆ, ಅಲ್ಲಿಂದ ದೀಪಕ್ಕೆ. ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಚೂರು ಕರೆಂಟಿನ ಕೆಲಸ ಮಾತ್ರ. ಪ್ರತಿ ದೀಪಕ್ಕೂ ಬೇರೆ ಅರ್ಥ್ ವೈರು ಕೊಡಿ, ಬಣ್ಣ ಬಳಿದ ತಗಡನ್ನು ನಂಬಬೇಡಿ. ರಿಲೇಗಳನ್ನು ಗ್ರಿಲ್ಲಿನ ಹಿಂದೆ, ಇರುವ ಬೋಲ್ಟಿಗೇ ಕಟ್ಟಬಹುದು. ಕಾರಿನ ಮೈಗೆ ತೂತು ಕೊರೆಯುವುದು ಬೇಡ. ಮತ್ತೆ, 50ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರುತ್ತದೆ, ಅಂದರೆ ಬ್ಯಾಟರಿಯ ಪ್ಲಸ್ ಕೊನೆಯನ್ನು ಕಾರಿನ ಮೈಗೆ ಕಟ್ಟಿರುತ್ತಾರೆ. ಅಂಥ ಕಾರಿಗೆ ಎಲೆಕ್ಟ್ರಾನಿಕ್ ಸಾಮಾನು ಹಾಕುವ ಮುಂಚೆ ಬ್ಯಾಟರಿಯ ಯಾವ ಕೊನೆ ಕಾರಿನ ಮೈಗೆ ಹೋಗಿದೆ ಅಂತ ಕಣ್ಣಾರೆ ನೋಡಿ.

ದೀಪ ಬದಲಿಸಿದ ಮೇಲೆ ಈಗ ಆ ಸ್ಪ್ರಿಂಗ್ ಸ್ಕ್ರೂಗಳ ಸರದಿ. ಸಮತಟ್ಟು ಜಾಗ, ಗೋಡೆಯಿಂದ 10 ಮೀಟರ್ ದೂರ, ಟೈರಿನ ಗಾಳಿ ಸರಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ನೆಲದಿಂದ ದೀಪದ ನಡುವಿಗೆ ಎಷ್ಟು ಎತ್ತರ ಅಂತ ಅಳೆದು ಗೋಡೆಯ ಮೇಲೆ ಚಾಕ್‌ನಲ್ಲಿ ಗುರುತು ಮಾಡಿ. ಡಿಮ್‌ನ ಗೆರೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರಬೇಕು. ಗೆರೆ ಏರಲು ಶುರುವಾಗುವ ಮೂಲೆ ದೀಪದ ನೇರಕ್ಕೆ ಇರಬೇಕು. ಒಂದು ದೀಪ ನೋಡುವಾಗ ಇನ್ನೊಂದಕ್ಕೆ ಗೋಣಿಚೀಲ ಹೊದಿಸಿ. ಹಡಗಿನಿಂದ ಇಳಿದ ಮೇಲೆ ಅಲ್ಲಿನವರು ಯಂತ್ರ ಇಟ್ಟು ಇನ್ನೊಮ್ಮೆ ನೋಡುತ್ತಾರೆ, ನೋಡಲಿ. ಇಲ್ಲೇ ಹತ್ತಿರಕ್ಕೆ ತಂದಿಟ್ಟರೆ ಅಲ್ಲಿ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುವಷ್ಟೇ ಕೆಲಸ.

ಹಿಂದಿನ ದೀಪಗಳಲ್ಲಿ ತಕರಾರು ಬರುವುದು ಇಂಡಿಕೇಟರಿನಲ್ಲಿ. ಹಳೆಯ ಕಾರುಗಳಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ಮಿನುಗುವುದು ಸಾಮಾನ್ಯವಾಗಿತ್ತು. ಮೊದಲಿನ ಮಾರಿಸ್ ಮೈನರ್‌ಗಳಲ್ಲಂತೂ ಬಾಗಿಲ ಪಕ್ಕದಿಂದ ಇಂಡಿಕೇಟರಿನ ಪುಟ್ಟ ಕೈಕಡ್ಡಿ ಹೊರಗೆ ಬರುತ್ತಿತ್ತು, ಅದು ಇದ್ದದ್ದು 1961ರವರೆಗೆ. ಇಲ್ಲಿ ಕಾನೂನು ಕಾರಿನ ವಯಸ್ಸು ಕೇಳುತ್ತದೆ. ಬ್ರಿಟನ್ನಿನಲ್ಲಿ 1965ರ ಸೆಪ್ಟೆಂಬರ್ 1ಕ್ಕೆ ಮೊದಲು ರಸ್ತೆಗಿಳಿದ ಕಾರಿಗೆ ಹಳೆಯ ಬಿಳಿ, ಕೆಂಪು ನಡೆಯುತ್ತದೆ. ಆಮೇಲಿನದ್ದಕ್ಕೆ ಕಿತ್ತಳೆ ಬಣ್ಣವೇ ಆಗಬೇಕು. ಜರ್ಮನಿಯಲ್ಲಿ ಹಿಂದಿನ ಕೆಂಪಿಗೆ ಗಡಿ 1970. ಹಾಗಾಗಿ ಆರ್‌ಸಿಯಲ್ಲಿ ತಯಾರಾದ ವರ್ಷ, ಮೊದಲ ರಿಜಿಸ್ಟ್ರೇಷನ್ ತಾರೀಖು ಸರಿಯಾಗಿದೆಯಾ ನೋಡಿಕೊಳ್ಳಿ. ಒಂದು ತಪ್ಪು ಅಂಕಿಗೆ ಎರಡು ಹೊಸ ದೀಪ ಕೂರಿಸಬೇಕಾದೀತು.

ನಿಯಮ ಬಿಟ್ಟರೂ ಕಿತ್ತಳೆ ಹಾಕಿಸಿ ಅನ್ನುವವನು ನಾನು. ಈಗಿನ ಡ್ರೈವರ್‌ಗಳಿಗೆ ಕೆಂಪು ಮಿನುಗಿದರೆ ಬ್ರೇಕು ಅನಿಸುತ್ತದೆ. ಮುಂದಿನ ಬಿಳಿ ಗಾಜಿನೊಳಗೆ ಕಿತ್ತಳೆ ಬಣ್ಣದ 21 ವಾಟ್ ಬಲ್ಬ್ ಹಾಕಬಹುದು. ಅದರ ಬುಡದ ಎರಡು ಮೊಳೆ ಎದುರುಬದುರು ಇರುವುದಿಲ್ಲ, ಸಾದಾ ಬಲ್ಬಿನ ಜಾಗಕ್ಕೆ ತಪ್ಪಿ ಹಾಕಬಾರದು ಅಂತಲೇ ಹಾಗೆ ಮಾಡಿದ್ದಾರೆ. ಹೋಲ್ಡರ್ ಬದಲಿಸಬೇಕಾಗುತ್ತದೆ. ಹಿಂದೆ ಬೇಕಿದ್ದರೆ ಬಂಪರಿನ ಬ್ರಾಕೆಟ್ಟಿಗೆ ಪುಟ್ಟ ಜೋಡಿ ದೀಪ ತೂಗುಹಾಕಿ. ಮಿನುಗು ನಿಮಿಷಕ್ಕೆ 60ರಿಂದ 120ರ ಒಳಗೆ ಇರಬೇಕು. ಜರ್ಮನಿಯಲ್ಲಿ ಹಜಾರ್ಡ್ ಲೈಟನ್ನೂ, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದನ್ನೂ ಕೇಳುತ್ತಾರೆ. ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲಾಷರ್ ಎರಡು 21 ವಾಟ್ ಬಲ್ಬಿಗೆ ಲೆಕ್ಕ ಹಾಕಿದ್ದು, ನಾಲ್ಕನ್ನು ಒಟ್ಟಿಗೆ ಎಳೆಯಲಾರದು. ಅದನ್ನೂ ಬದಲಿಸಿ. ಹಿಂದಿನ ರಿಫ್ಲೆಕ್ಟರ್ ತ್ರಿಕೋನದ್ದು ಬೇಡ, ಯೂರೋಪಿನಲ್ಲಿ ಅದು ಟ್ರೇಲರಿನ ಗುರುತು.

ಬ್ರಿಟನ್ ನಮಗೆ ಎಲ್ಲಕ್ಕಿಂತ ಸುಲಭ. ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಗೆರೆಯ ತಂಟೆ ಇಲ್ಲ. ಅಮೆರಿಕಕ್ಕೆ ಹೋಗುವುದಾದರೆ 25 ವರ್ಷ ಮೀರಿದ ಕಾರಿಗೆ ಅಲ್ಲಿನ ಕೇಂದ್ರ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ಆಮೇಲೆ ಆಯಾ ರಾಜ್ಯದ ನಿಯಮ. 7 ಇಂಚಿನ ದೀಪ ಅಲ್ಲೇ ಕೊಂಡು ಹಾಕಿಸಿಕೊಂಡರೆ ಅಗ್ಗ.

ಒಬ್ಬ ಮೇಡಂ ಉಲ್ಟಾ ಪ್ರಶ್ನೆ ಕೇಳಿದರು. ಅವರ ಮನೆಯಲ್ಲಿ ಅಮೆರಿಕದಿಂದ ಬಂದ ಹಳೆಯ ಇಂಪಾಲಾ ಇದೆ, ನಾಲ್ಕು ಹೆಡ್‌ಲೈಟು. ಬೆಂಗಳೂರಿನಲ್ಲಿ ರಾತ್ರಿ ಹೊರಟರೆ ಎದುರಿನವರು ಬೈಯುತ್ತಾರಂತೆ.

ಬೈಯದೆ ಇನ್ನೇನು? ಅದು ಬಲಕ್ಕೆ ಎಸೆಯುವ ದೀಪ. ಖರ್ಚು ಅರ್ಧ ಉಳಿಸುವ ಸಂಗತಿ ಹೇಳುತ್ತೇನೆ. ಅಡ್ಡಸಾಲಿನ ನಾಲ್ಕರಲ್ಲಿ ಡಿಮ್ ಇರುವುದು ಹೊರಗಿನ ಎರಡರಲ್ಲಿ ಮಾತ್ರ. ಒಳಗಿನ ಎರಡು ಹೈ ಬೀಮಿಗೆ ಅಷ್ಟೇ. ಹೊರಗಿನ ಜೋಡಿಯನ್ನು ಎಡಸಂಚಾರದ ದೀಪಕ್ಕೆ ಬದಲಿಸಿ, ಒಳಗಿನವು ಹಾಗೇ ಇರಲಿ.

ಕೊನೆಯ ಪ್ರಶ್ನೆ: ಬಿಚ್ಚಿದ ಹಳೆಯ ದೀಪಗಳನ್ನು ಗುಜರಿಗೆ ಹಾಕಬಹುದಾ ಅಂತ.

ದಯವಿಟ್ಟು ಬೇಡ. ಕಾರು ನಾಳೆ ವಾಪಸ್ ಬರಬಹುದು. ನಮ್ಮಲ್ಲೂ 2021ರಿಂದ 50 ವರ್ಷ ಮೀರಿದ ಗಾಡಿಗೆ 'ವಿಎ' ಅಕ್ಷರದ ವಿಂಟೇಜ್ ನಂಬರ್ ಕೊಡುತ್ತಿದ್ದಾರೆ, ಅದಕ್ಕೂ ಗಾಡಿ ಮೂಲ ರೂಪದಲ್ಲಿ ಇರಬೇಕು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಪ್ರತಿ ವೈರಿಗೂ ಚೀಟಿ ಕಟ್ಟಿ. ದೀಪಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಡಿ. ಕಾರಿನ ಜೊತೆಗೇ ಕಳಿಸುವುದಾದರೆ ಪ್ಯಾಕಿಂಗ್ ಲಿಸ್ಟಿನಲ್ಲಿ ಆ ಡಬ್ಬಿಯನ್ನೂ ಬರೆಸಿ. ಬರೆಸದೆ ಇಟ್ಟರೆ ಬಂದರಿನಲ್ಲಿ ಅದನ್ನು ಬಿಚ್ಚಿಸಿ ಕೇಳುತ್ತಾರೆ.